ಗೇಮ್ ಸಂಗೀತದ ಫೈಲ್‌ಗಳನ್ನು ಎಂಪಿ3, ಫ್ಲ್ಯಾಕ್, ವೇವ್ ರೂಪಕ್ಕೆ ತರುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಹಳೆಯ ಕ್ಯಾಸೆಟ್‌ಗಳ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಸಣ್ಣ ಕೆಲಸ ನನ್ನದು. ಕೆಲ ವರ್ಷಗಳಿಂದ ಇದರ ಜೊತೆಗೆ ಇನ್ನೊಂದು ಬಗೆಯ ಕೋರಿಕೆಯೂ ಬರುತ್ತಿದೆ. ಶಾಲೆಯ ಗ್ಯಾದರಿಂಗ್‌ಗೆ ಕುಣಿತ ಕಲಿಸುವ ಶಿಕ್ಷಕಿಯರು, ಸ್ವಂತ ಗೇಮ್ ಮಾಡುತ್ತಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಚಿಕ್ಕಂದಿನಲ್ಲಿ ಟಿವಿಗೆ ಕ್ಯಾಸೆಟ್ ಗೇಮ್ ಜೋಡಿಸಿ ಆಡಿದ ನನ್ನ ವಯಸ್ಸಿನವರು ವಿಡಿಯೊ ಗೇಮಿನ ಸಂಗೀತವನ್ನು ಮೊಬೈಲಿನಲ್ಲಿಯೋ ಕಾರಿನಲ್ಲಿಯೋ ಕೇಳುವಂತೆ ಮಾಡಿಕೊಡಿ ಎನ್ನುತ್ತಾರೆ. ಪ್ರಶ್ನೆಗಳು ಹೆಚ್ಚುಕಡಿಮೆ ಅವೇ ಆಗಿರುವುದರಿಂದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಫೈಲಿನ ಹೆಸರಿನ ಕೊನೆಯಲ್ಲಿ ಎಂಪಿ3 ಎಂದು ಬದಲಾಯಿಸಿದರೂ ಹಾಡು ಏಕೆ ಬರುವುದಿಲ್ಲ?

"ಸರ, ಹಿಂದಿನ ಅಕ್ಷರ ತೆಗದು ಎಂಪಿತ್ರೀ ಅಂತ ಹಾಕೇನ್ರಿ, ಆದ್ರೂ ಹಾಡ ಬರವಲ್ತ್ರಿ" ಎಂದು ವಾರಕ್ಕೊಬ್ಬರಾದರೂ ಹೇಳುತ್ತಾರೆ. ಹೆಸರು ಬದಲಾಯಿಸಿದರೆ ಡಬ್ಬಿಯ ಮೇಲಿನ ಚೀಟಿ ಬದಲಾಗುತ್ತದೆಯೇ ಹೊರತು ಒಳಗಿನ ಪದಾರ್ಥವಲ್ಲ. ಇಲ್ಲಿ ಇನ್ನೂ ಒಂದು ತೊಡಕಿದೆ. ಹಳೆಯ ಗೇಮ್ ಸಂಗೀತದ ಎಷ್ಟೋ ಫೈಲ್‌ಗಳಲ್ಲಿ ಮುದ್ರಿಸಿದ ಧ್ವನಿಯೇ ಇರುವುದಿಲ್ಲ. ಯಾವ ಸ್ವರವನ್ನು ಯಾವಾಗ, ಎಷ್ಟು ಹೊತ್ತು ನುಡಿಸಬೇಕೆಂದು ಯಂತ್ರಕ್ಕೆ ಕೊಟ್ಟ ಆದೇಶಗಳಿರುತ್ತವೆ. ಸಂಗೀತದ ಮನೆಗಳಿರುವ ಧಾರವಾಡದವರಿಗೆ ಇದನ್ನು ಸುಲಭವಾಗಿ ಹೇಳಬಹುದು. ಸ್ವರಲಿಪಿಯಲ್ಲಿ ಬರೆದ ಬಂದಿಶ್ ಬೇರೆ, ಅದನ್ನು ಹಾಡಿ ಮುದ್ರಿಸಿದ ಧ್ವನಿ ಬೇರೆ. ಸ್ವರಲಿಪಿಯ ಪುಸ್ತಕವನ್ನು ಸ್ಪೀಕರಿಗೆ ಒಡ್ಡಿದರೆ ಹಾಡು ಕೇಳಿಸದು. ಯಾರಾದರೂ ಕುಳಿತು ಹಾಡಬೇಕು, ಅದನ್ನು ಮುದ್ರಿಸಿಕೊಳ್ಳಬೇಕು. ನಾವು ಪರಿವರ್ತನೆ ಎಂದು ಕರೆಯುವುದು ಬಹುಮಟ್ಟಿಗೆ ಈ ಕೆಲಸವೇ ಆಗಿದೆ: ಒಂದು ತಂತ್ರಾಂಶವು ಹಳೆಯ ಯಂತ್ರದ ವೇಷ ಹಾಕಿ ಆ ಆದೇಶಗಳನ್ನು ನುಡಿಸುತ್ತದೆ, ಹೊರಬಂದ ಧ್ವನಿಯನ್ನು ಫೈಲಿಗೆ ಬರೆಯುತ್ತದೆ. ಹೀಗಾಗಿ ಎಷ್ಟು ಹೊತ್ತು ನುಡಿಸಬೇಕು, ಯಾವ ವೇಗದಲ್ಲಿ, ಎಲ್ಲಿ ನಿಲ್ಲಿಸಬೇಕು ಎಂಬ ತೀರ್ಮಾನಗಳು ನಿಮ್ಮ ಮೇಲೆಯೇ ಬೀಳುತ್ತವೆ.

ನನ್ನ ಬಳಿ ಇರುವ ಫೈಲ್ ಆದೇಶಗಳದ್ದೋ, ಮುದ್ರಿತ ಧ್ವನಿಯದ್ದೋ ಎಂದು ತಿಳಿಯುವುದು ಹೇಗೆ?

ಮೊದಲು ಗಾತ್ರವನ್ನು ನೋಡಬೇಕು. ನಿಂಟೆಂಡೊ ಕಂಪನಿಯು 1983ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ತಂದ ಫ್ಯಾಮಿಕಾಂ ಯಂತ್ರದ ಸಂಗೀತವು ಎನ್‌ಎಸ್‌ಎಫ್ ಎಂಬ ರೂಪದಲ್ಲಿ ಸಿಗುತ್ತದೆ. ಒಂದು ಇಡೀ ಗೇಮಿನ ಎಲ್ಲ ಹಾಡುಗಳೂ ಕೆಲವೇ ಕಿಲೋಬೈಟ್‌ಗಳ ಒಂದೇ ಫೈಲಿನಲ್ಲಿ ಅಡಗಿರುತ್ತವೆ, ಏಕೆಂದರೆ ಅದರೊಳಗಿರುವುದು ಗೇಮಿನಿಂದ ಕಿತ್ತು ತೆಗೆದ ಪ್ರೋಗ್ರಾಂ. ಆ ಯಂತ್ರದ ಚಿಪ್ಪಿಗೆ ಇದ್ದದ್ದು ಐದು ಚಾನೆಲ್‌ಗಳು ಮಾತ್ರ: ಎರಡು ಚೌಕ ತರಂಗ, ಒಂದು ತ್ರಿಕೋನ ತರಂಗ, ಒಂದು ಗದ್ದಲ, ಒಂದು ಅಲ್ಪಸ್ವಲ್ಪ ಮುದ್ರಿತ ಧ್ವನಿಗೆ. 1990ರಲ್ಲಿ ಬಂದ ಸೂಪರ್ ಫ್ಯಾಮಿಕಾಂನ ಸಂಗೀತವು ಎಸ್‌ಪಿಸಿ ರೂಪದಲ್ಲಿರುತ್ತದೆ. ಅದು ಆ ಯಂತ್ರದ ಧ್ವನಿ ವಿಭಾಗಕ್ಕಿದ್ದ 64 ಕಿಲೋಬೈಟ್ ಮೆಮೊರಿಯ ಯಥಾಪ್ರತಿ ನಕಲಾಗಿರುವುದರಿಂದ ಹಾಡು ಯಾವುದೇ ಇರಲಿ, ಫೈಲಿನ ಗಾತ್ರ ಸುಮಾರು 66 ಸಾವಿರ ಬೈಟ್. ಅದನ್ನೇ ಮೂರು ನಿಮಿಷ ನುಡಿಸಿ, ಮೂಲದ 32,000 ಹರ್ಟ್ಸ್ ದರದಲ್ಲಿಯೇ (ಅಂದರೆ ಧ್ವನಿಯನ್ನು ಸೆಕೆಂಡಿಗೆ 32,000 ಬಾರಿ ಅಳೆದು), ಧ್ವನಿಯನ್ನು ಹಿಂಡದೆ ಇಡುವ ವೇವ್ ಫೈಲಿಗೆ ಬರೆದರೆ 2 ಕೋಟಿ 30 ಲಕ್ಷ ಬೈಟ್ ಆಗುತ್ತದೆ. ಸೆಗಾದ ಮೆಗಾ ಡ್ರೈವ್ ಯಂತ್ರದ ವಿಜಿಎಂ, ಗೇಮ್ ಬಾಯ್‌ನ ಜಿಬಿಎಸ್, ಕಮೊಡೋರ್ 64ರ ಸಿಡ್, ಪ್ಲೇಸ್ಟೇಷನ್ನಿನ ಪಿಎಸ್‌ಎಫ್ ಕೂಡ ಆದೇಶಗಳ ಗುಂಪಿಗೇ ಸೇರುತ್ತವೆ.

ಇದಕ್ಕೆ ಬದಲಾಗಿ ಎಡಿಎಕ್ಸ್, ಬಿಆರ್‌ಎಸ್‌ಟಿಎಂ, ಎಫ್‌ಎಸ್‌ಬಿ, ವೆಮ್ ಮುಂತಾದವು ನಂತರದ ಕಾಲದ ಗೇಮ್‌ಗಳಲ್ಲಿ ಬಂದವು. ಇವುಗಳಲ್ಲಿ ಇರುವುದು ನಿಜವಾಗಿ ಮುದ್ರಿಸಿ, ಹಿಂಡಿ ಸಣ್ಣದು ಮಾಡಿದ ಧ್ವನಿ, ಆದ್ದರಿಂದ ಗಾತ್ರವೂ ಮೆಗಾಬೈಟ್‌ಗಳಲ್ಲಿರುತ್ತದೆ. ಇವೆರಡರ ನಡುವೆ ಮಾಡ್, ಎಕ್ಸ್‌ಎಂ, ಐಟಿ ಎಂಬ ಟ್ರ್ಯಾಕರ್ ಫೈಲ್‌ಗಳು ನಿಲ್ಲುತ್ತವೆ. ಅವುಗಳಲ್ಲಿ ವಾದ್ಯಗಳ ತುಣುಕು ಧ್ವನಿಯೂ ಇರುತ್ತದೆ, ಅದನ್ನು ನುಡಿಸುವ ಸ್ವರಲಿಪಿಯೂ ಇರುತ್ತದೆ.

ಯಾವ ತಂತ್ರಾಂಶ ಬಳಸಬೇಕು? ಹಣ ಕೊಡಬೇಕೇ?

ಹಣ ಕೊಡಬೇಕಾಗಿಲ್ಲ. ವಿಂಡೋಸ್ ಕಂಪ್ಯೂಟರಿನಲ್ಲಿ ಫೂಬಾರ್2000 ಎಂಬ ಪ್ಲೇಯರ್ ಹಾಕಿಕೊಂಡು ಅದಕ್ಕೆ ಗೇಮ್ ಎಮು ಪ್ಲೇಯರ್ ಎಂಬ ಜೋಡಣೆಯನ್ನು ಸೇರಿಸಿದರೆ ಎನ್‌ಎಸ್‌ಎಫ್, ಎಸ್‌ಪಿಸಿ, ಜಿಬಿಎಸ್ ಮೊದಲಾದವು ಅದರಲ್ಲಿಯೇ ನುಡಿಯುತ್ತವೆ. ಹಾಡಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ಕನ್ವರ್ಟ್ ಆಯ್ಕೆಗೆ ಹೋದರೆ ಬೇಕಾದ ರೂಪದಲ್ಲಿ ಬರೆದುಕೊಡುತ್ತದೆ, ಆದರೆ ಎಂಪಿ3 ಬೇಕಿದ್ದರೆ ಧ್ವನಿಯನ್ನು ಹಿಂಡಿ ಆ ರೂಪಕ್ಕೆ ತರುವ ಎನ್‌ಕೋಡರ್ ಪ್ಯಾಕನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ಮುದ್ರಿತ ಧ್ವನಿಯ ಗುಂಪಿಗೆ ವಿಜಿಎಂಸ್ಟ್ರೀಮ್ ಎಂಬುದಕ್ಕೆ ಸಾಟಿಯಿಲ್ಲ. ಅದರ ಸಣ್ಣ ಪ್ರೋಗ್ರಾಂ ಮೇಲೆ ಫೈಲನ್ನು ಎಳೆದು ಬಿಟ್ಟರೆ ಪಕ್ಕದಲ್ಲಿಯೇ ವೇವ್ ಫೈಲ್ ತಯಾರಾಗುತ್ತದೆ. ಟ್ರ್ಯಾಕರ್ ಫೈಲ್‌ಗಳಿಗೆ ಓಪನ್ ಎಂಪಿಟಿ ಸಾಕು. ವೇವ್ ಕೈಗೆ ಬಂದ ಮೇಲೆ ಅದನ್ನು ಕತ್ತರಿಸಲು ಆಡಾಸಿಟಿ, ನೂರಾರು ಫೈಲ್‌ಗಳನ್ನು ಒಟ್ಟಿಗೆ ಬದಲಿಸಲು ಎಫ್‌ಎಫ್‌ಎಂಪೆಗ್ ಬಳಸುತ್ತೇನೆ.

ಹಾಡು ಮುಗಿಯುವುದೇ ಇಲ್ಲ. ಎಷ್ಟು ಉದ್ದಕ್ಕೆ ಕತ್ತರಿಸಬೇಕು?

ಆಡುವವನು ಒಂದೇ ಹಂತದಲ್ಲಿ ಐದು ನಿಮಿಷ ನಿಂತರೂ, ಅರ್ಧ ತಾಸು ನಿಂತರೂ ಸಂಗೀತ ನಿಲ್ಲಬಾರದೆಂದು ಗೇಮಿನ ಹಾಡುಗಳನ್ನು ಲೂಪ್ ಆಗಿ ಕಟ್ಟಿರುತ್ತಾರೆ. ಆರಂಭದ ಒಂದು ತುಣುಕು ಒಮ್ಮೆ ಬರುತ್ತದೆ, ಆಮೇಲಿನ ಭಾಗ ಸುತ್ತಿ ಸುತ್ತಿ ಬರುತ್ತದೆ. ಸಾಮಾನ್ಯ ಎನ್‌ಎಸ್‌ಎಫ್ ಫೈಲಿನಲ್ಲಿ ಹಾಡಿನ ಉದ್ದವನ್ನು ಬರೆದಿರುವುದೇ ಇಲ್ಲ. ಮೇಲೆ ಹೇಳಿದ ಗೇಮ್ ಎಮು ಜೋಡಣೆಯ ಒಳಗಿರುವ ಲೈಬ್ರರಿಯು ಉದ್ದ ತಿಳಿಯದಿದ್ದಾಗ ಎರಡೂವರೆ ನಿಮಿಷವೆಂದು ತಾನೇ ಅಂದಾಜು ಕಟ್ಟುತ್ತದೆ. ನಿಮ್ಮ ಎಲ್ಲ ಹಾಡುಗಳೂ ಒಂದೇ ಅಳತೆಗೆ ಬಂದಿದ್ದರೆ ಕಾರಣ ಇದೇ ಇರಬಹುದು. ಎಸ್‌ಪಿಸಿ ಫೈಲಿನ ತಲೆಭಾಗದಲ್ಲಿ ಉದ್ದವನ್ನೂ, ಧ್ವನಿ ಕ್ಷೀಣಿಸುವ ಅವಧಿಯನ್ನೂ ಬರೆದಿಡಲು ಜಾಗವಿದೆ. ಫೈಲನ್ನು ತೆಗೆದವರು ಶ್ರದ್ಧೆಯುಳ್ಳವರಾಗಿದ್ದರೆ ತುಂಬಿರುತ್ತಾರೆ.

ವಿಜಿಎಂನಲ್ಲಿ ಲೆಕ್ಕ ಸ್ಪಷ್ಟವಾಗಿದೆ. ಅದರಲ್ಲಿ ಕಾಲವನ್ನು ಸೆಕೆಂಡಿಗೆ 44,100 ಸ್ಯಾಂಪಲ್‌ಗಳಂತೆ (ಸ್ಯಾಂಪಲ್ ಎಂದರೆ ಧ್ವನಿಯ ಒಂದು ಅಳತೆ) ಎಣಿಸುತ್ತಾರೆ, ಒಟ್ಟು ಸ್ಯಾಂಪಲ್‌ಗಳನ್ನೂ ಲೂಪಿನ ಸ್ಯಾಂಪಲ್‌ಗಳನ್ನೂ ತಲೆಭಾಗದಲ್ಲಿ ಬರೆದಿರುತ್ತಾರೆ. ಒಟ್ಟು 30,87,000, ಲೂಪ್ 26,46,000 ಎಂದಿದ್ದರೆ ಹಾಡು 70 ಸೆಕೆಂಡ್, ಅದರಲ್ಲಿ ಲೂಪ್ 60 ಸೆಕೆಂಡ್, ಆರಂಭದ ತುಣುಕು 10 ಸೆಕೆಂಡ್ ಎಂದಾಯಿತು. ಲೂಪನ್ನು ಎರಡು ಸಲ ಕೇಳಿಸಿ 10 ಸೆಕೆಂಡಿನಲ್ಲಿ ಮೆಲ್ಲಗೆ ಇಳಿಸಿದರೆ ಒಟ್ಟು 140 ಸೆಕೆಂಡಿನ ಹಾಡು ಸಿಗುತ್ತದೆ. ಎರಡು ಸುತ್ತು, 10 ಸೆಕೆಂಡಿನ ಇಳಿತ ಎಂಬುದು ವಿಜಿಎಂಸ್ಟ್ರೀಮ್ ಕೂಡ ಹೇಳದೆಯೇ ಪಾಲಿಸುವ ರೂಢಿ, ಮತ್ತು ಸುಮ್ಮನೆ ಕೇಳುವವರಿಗೆ ಅದು ಸರಿಯಾದದ್ದೇ.

ಕುಣಿತಕ್ಕೆ ಮಾತ್ರ ಅದು ಸಾಲದು. ಒಂದು ಶಾಲೆಯ ಗ್ಯಾದರಿಂಗ್‌ಗೆ ನಾನು ಮಾಡಿಕೊಟ್ಟ ಹಾಡಿನ ಕಥೆಯನ್ನು ಹೇಳಲೇಬೇಕು. ಶಿಕ್ಷಕಿಯವರು ಮೂರು ನಿಮಿಷ ಎಂದಿದ್ದರು. ನಾನು ಗಡಿಯಾರ ನೋಡಿ 180 ಸೆಕೆಂಡಿಗೆ ಸರಿಯಾಗಿ ಕತ್ತರಿಸಿ ಕೊಟ್ಟೆ. ಹಾಡಿನ ಗತಿ ನಿಮಿಷಕ್ಕೆ 150 ಮಾತ್ರೆ, ಅಂದರೆ ಒಂದು ಮಾತ್ರೆಗೆ 0.4 ಸೆಕೆಂಡ್, 16 ಮಾತ್ರೆಯ ಒಂದು ಆವರ್ತನಕ್ಕೆ 6.4 ಸೆಕೆಂಡ್. ಅಂಥ 28 ಆವರ್ತನಗಳು 179.2 ಸೆಕೆಂಡಿಗೇ ಮುಗಿದುಹೋಗುತ್ತವೆ, ಮೇಲೆ ಎರಡು ಮಾತ್ರೆ ಉಳಿಯುತ್ತವೆ. ಮಕ್ಕಳು ಸಮಕ್ಕೆ, ಅಂದರೆ ಆವರ್ತನದ ಮೊದಲ ಮಾತ್ರೆಗೆ, ಸರಿಯಾಗಿ ಕೈ ಮೇಲೆತ್ತಿ ನಿಂತರು. ಆಗ ಉಳಿದ ಎರಡು ಮಾತ್ರೆಗಳು ಢಣ್ ಢಣ್ ಎಂದು ಬಂದು ನಿಂತವು. ಅರ್ಧ ಮಕ್ಕಳು ಇನ್ನೊಂದು ಸುತ್ತು ಇದೆಯೆಂದು ಕಾಲೆತ್ತಿದರು, ಉಳಿದರ್ಧ ನಿಂತೇ ಇದ್ದರು. ತಬಲಾ ನುಡಿಸುವ ಯಾರನ್ನು ಕೇಳಿದ್ದರೂ ಮುಕ್ತಾಯ ಸಮದ ಮೇಲೆ ಬರಬೇಕೆಂದು ಹೇಳುತ್ತಿದ್ದರು. ಅಂದಿನಿಂದ ನಾನು ಕುಣಿತದ ಹಾಡಿಗೆ ಮೊದಲು ಗತಿಯನ್ನು ಎಣಿಸಿ, ಆವರ್ತನ ಮುಗಿಯುವ ಕಡೆಗೇ ಆಡಾಸಿಟಿಯಲ್ಲಿ ಕತ್ತರಿ ಹಾಕುತ್ತೇನೆ, ಅಥವಾ ಅಲ್ಲಿಂದ ಮುಂದಕ್ಕೆ ಇಳಿತವನ್ನು ಆರಂಭಿಸುತ್ತೇನೆ.

ಚಿಕ್ಕಂದಿನಲ್ಲಿ ಕೇಳಿದ್ದಕ್ಕಿಂತ ಈ ಹಾಡು ಬೇಗ ಬೇಗ ಓಡುತ್ತದೆ. ಪರಿವರ್ತನೆಯಲ್ಲಿ ತಪ್ಪಾಗಿದೆಯೇ?

ತಪ್ಪು ಪರಿವರ್ತನೆಯದ್ದಾಗಿರಬೇಕೆಂದಿಲ್ಲ, ನಿಮ್ಮ ನೆನಪಿನದ್ದಂತೂ ಅಲ್ಲವೇ ಅಲ್ಲ. ನನಗೆ ಅತ್ಯಂತ ಪ್ರಿಯವಾದ ಪ್ರಶ್ನೆ ಇದು. ಫ್ಯಾಮಿಕಾಂನ ಸಂಗೀತವು ಟಿವಿ ಪರದೆ ಒಮ್ಮೆ ಬರೆಯಲ್ಪಟ್ಟಾಗ ಒಂದು ಹೆಜ್ಜೆ ಮುಂದೆ ಹೋಗುವಂತೆ ಸಾಮಾನ್ಯವಾಗಿ ಬರೆಯಲಾಗಿತ್ತು. ಜಪಾನ್ ಮತ್ತು ಅಮೆರಿಕದ ಟಿವಿಗಳು ಸೆಕೆಂಡಿಗೆ 60 ಬಾರಿ ಪರದೆಯನ್ನು ಬರೆಯುತ್ತಿದ್ದವು. ಭಾರತದಲ್ಲಿದ್ದ ಪಾಲ್ ಪದ್ಧತಿಯಲ್ಲಿ ಅದು 50 ಬಾರಿ. ಅದಕ್ಕೆ ಹೊಂದುವಂತೆ ತಯಾರಾದ ಯಂತ್ರದಲ್ಲಿ, ಅಲ್ಲಿ 60 ಸೆಕೆಂಡಿಗೆ ಮುಗಿಯುವ ಸುತ್ತು ಇಲ್ಲಿ 72 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಎನ್‌ಎಸ್‌ಎಫ್ ನುಡಿಸುವ ತಂತ್ರಾಂಶಗಳು ಬಹುತೇಕ 60ರ ಲೆಕ್ಕವನ್ನೇ ಹಿಡಿಯುವುದರಿಂದ ನಮ್ಮ ಕಿವಿಗೆ ಹಾಡು ಅವಸರದಲ್ಲಿ ಓಡಿದಂತೆ ಕೇಳುತ್ತದೆ.

ಶ್ರುತಿಯ ಸಂಗತಿ ಬೇರೆ. ಯುರೋಪಿಗೆ ನಿಂಟೆಂಡೊ ತಾನೇ ಮಾಡಿದ ಪಾಲ್ ಯಂತ್ರದ ಪ್ರೊಸೆಸರ್ 1.79 ಮೆಗಾಹರ್ಟ್ಸ್ ಬದಲಿಗೆ 1.66 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿದ್ದುದರಿಂದ, ಗೇಮ್ ಮಾಡಿದವರು ಸ್ವರಗಳನ್ನು ತಿದ್ದದಿದ್ದರೆ, ಲಯದ ಜೊತೆಗೆ ಶ್ರುತಿಯೂ ಹಾರ್ಮೋನಿಯಂನ ಒಂದು ಮನೆಗಿಂತ ತುಸು ಹೆಚ್ಚು ಇಳಿಯುತ್ತಿತ್ತು. ಪಾಲ್ ಟಿವಿಗಳಿಗಾಗಿ ತಯಾರಾದ ಅನೇಕ ನಕಲಿ ಯಂತ್ರಗಳಲ್ಲಿ ಪ್ರೊಸೆಸರಿನ ವೇಗವನ್ನು ಮೂಲದ ಹತ್ತಿರವೇ ಉಳಿಸಿಕೊಂಡಿದ್ದರು. ಶ್ರುತಿ ಅದೇ, ಲಯ ಮಾತ್ರ ವಿಳಂಬ. ದುರ್ಗದಬೈಲಿನಿಂದ ತಂದ, ಹೆಸರಿಲ್ಲದ ಡಬ್ಬಿಯ ಟಿವಿ ಗೇಮ್ ನಿಮ್ಮದಾಗಿದ್ದರೆ ನಿಮ್ಮ ಕಿವಿಯಲ್ಲಿ ಉಳಿದಿರುವುದು ಹೆಚ್ಚಾಗಿ ಈ ಮೂರನೆಯ ಬಗೆ. ಎನ್‌ಎಸ್‌ಎಫ್‌ಪ್ಲೇ ಎಂಬ ಪ್ಲೇಯರಿನಲ್ಲಿ ಪ್ರದೇಶವನ್ನು ಆರಿಸುವ ಕಡೆ ಎನ್‌ಟಿಎಸ್‌ಸಿ (ಜಪಾನ್, ಅಮೆರಿಕದ 60ರ ಪದ್ಧತಿ), ಪಾಲ್ ಜೊತೆಗೆ ಡೆಂಡಿ ಎಂಬ ಆಯ್ಕೆಯಿದೆ. ರಷ್ಯಾದಲ್ಲಿ ಹೆಸರಾದ ಒಂದು ನಕಲಿ ಯಂತ್ರದ ಹೆಸರದು, ಈ ಮೂರನೆಯ ಬಗೆಗೆ ಅದನ್ನೇ ಆರಿಸಬೇಕು. ಹೊರಬರುವ ಧ್ವನಿಯನ್ನು ಆಡಾಸಿಟಿಯಲ್ಲಿ ಲೂಪ್‌ಬ್ಯಾಕ್ ಮೂಲಕ, ಅಂದರೆ ಕಂಪ್ಯೂಟರ್ ನುಡಿಸುತ್ತಿರುವುದನ್ನೇ ನೇರವಾಗಿ ಹಿಡಿದು, ಮುದ್ರಿಸಿಕೊಳ್ಳಬಹುದು. ಈಗಾಗಲೇ ಮುದ್ರಿಸಿದ ಹಾಡನ್ನು ಆಡಾಸಿಟಿಯಲ್ಲಿ ಗತಿ ತಗ್ಗಿಸಿ, ಶೇಕಡಾ 16.67ರಷ್ಟು ಇಳಿಸಿದರೂ ಅದೇ ಉದ್ದ ಬರುತ್ತದೆ. ಆದರೆ ಎಳೆದು ಉದ್ದ ಮಾಡಿದ ಧ್ವನಿಯಲ್ಲಿ ತಾಳದ ಪೆಟ್ಟು ಮೊಂಡಾಗುವುದರಿಂದ ನಾನು ಮೊದಲ ದಾರಿಯನ್ನೇ ಹಿಡಿಯುತ್ತೇನೆ.

ನಲವತ್ತು ದಾಟಿದ ಗ್ರಾಹಕರೊಬ್ಬರಿಗೆ ಎರಡನ್ನೂ ಒಂದರ ಹಿಂದೊಂದು ಕೇಳಿಸಿದೆ. ನಿಧಾನದ್ದು ಆರಂಭವಾದ ನಾಲ್ಕೇ ಸೆಕೆಂಡಿಗೆ ಅವರ ಹೆಬ್ಬೆರಳು ಮೇಜಿನ ಮೇಲೆ ಗುಂಡಿ ಒತ್ತತೊಡಗಿತು.

ಎಂಪಿ3, ಫ್ಲ್ಯಾಕ್, ವೇವ್: ಯಾವುದು ಒಳ್ಳೆಯದು?

ಯಾವ ಕೆಲಸಕ್ಕೆ ಎಂಬುದರ ಮೇಲೆ ಅವಲಂಬಿಸಿದೆ. ಸಿಡಿ ಗುಣಮಟ್ಟದ, ಅಂದರೆ 44,100 ಹರ್ಟ್ಸ್, 16 ಬಿಟ್, ಸ್ಟೀರಿಯೊ ವೇವ್ ನಿಮಿಷಕ್ಕೆ ಒಂದು ಕೋಟಿ ಐದು ಲಕ್ಷ ಬೈಟ್‌ಗೂ ಹೆಚ್ಚು ಜಾಗ ತಿನ್ನುತ್ತದೆ. ಕತ್ತರಿಸಿ ಜೋಡಿಸುವ ಕೆಲಸ ನಡೆದಿರುವಷ್ಟು ದಿನ ಅದೇ ಸರಿ. ಫ್ಲ್ಯಾಕ್ ಧ್ವನಿಯ ಒಂದು ಬಿಟ್ಟನ್ನೂ ಕಳೆಯದೆ ಅದನ್ನು ಸಣ್ಣದು ಮಾಡಿ ಇಡುತ್ತದೆ, ಆದ್ದರಿಂದ ಸಂಗ್ರಹಕ್ಕೆ ಅದು. ಎಂಪಿ3 ಕಿವಿಗೆ ತಿಳಿಯದೆಂದು ತಾನು ಭಾವಿಸಿದ್ದನ್ನು ಎಸೆದು 192 ಕಿಲೋಬಿಟ್ ದರದಲ್ಲಿ ನಿಮಿಷಕ್ಕೆ ಸುಮಾರು ಒಂದೂವರೆ ಮೆಗಾಬೈಟಿಗೆ ತರುತ್ತದೆ. ಎಲ್ಲ ಕಡೆ ನುಡಿಯುವುದು ಅದರ ದೊಡ್ಡ ಗುಣ. ಚೌಕ ತರಂಗ, ಗದ್ದಲದ ಚಾನೆಲ್‌ಗಳ ಹಳೆಯ ಸಂಗೀತದಲ್ಲಿ ಮೇಲಿನ ಕಂಪನಗಳು ತುಂಬಿಕೊಂಡಿರುವುದರಿಂದ 128 ಕಿಲೋಬಿಟ್‌ಗೆ ಇಳಿಸಬೇಡಿ ಎಂದು ಹೇಳುತ್ತೇನೆ; ಲೇಮ್ ಎನ್‌ಕೋಡರಿನ ವಿ2 ಅಥವಾ ವಿ0 ಮಟ್ಟ ಸಾಕು.

ಎಡಿಎಕ್ಸ್ ಅಥವಾ ಆಗ್ (ಎಂಪಿ3ಯಂತೆಯೇ ಧ್ವನಿಯನ್ನು ಹಿಂಡುವ ಇನ್ನೊಂದು ಬಗೆ) ರೂಪದಲ್ಲಿ ಬಂದದ್ದು ಆಗಲೇ ಒಮ್ಮೆ ಕಳೆದುಕೊಂಡ ಧ್ವನಿ. ಅದನ್ನು ಎಂಪಿ3 ಮಾಡಿದರೆ ಎರಡನೆಯ ಬಾರಿ ಕಳೆದುಕೊಳ್ಳುತ್ತದೆ, ಫ್ಲ್ಯಾಕ್ ಮಾಡಿದರೆ ಕಳೆದದ್ದು ಮರಳಿ ಬರುವುದಿಲ್ಲ. ಆಗ್ ಫೈಲನ್ನು ಆಂಡ್ರಾಯ್ಡ್ ಮೊಬೈಲ್ ಹಾಗೆಯೇ ನುಡಿಸುತ್ತದೆ, ಮುಟ್ಟದೆ ಬಿಡಿ.

32,000 ಹರ್ಟ್ಸ್ ಹಾಡನ್ನು 48,000ಕ್ಕೆ ಏರಿಸಿದರೆ ಗುಣಮಟ್ಟ ಹೆಚ್ಚುತ್ತದೆಯೇ?

ಇಲ್ಲ. ಇಲ್ಲದ ಸ್ವರ ಹುಟ್ಟುವುದಿಲ್ಲ. ಫ್ಲ್ಯಾಕ್ ಮತ್ತು ಎಂಪಿ3 ಎರಡೂ 32,000ವನ್ನು ಹಾಗೆಯೇ ಹಿಡಿಯುತ್ತವೆ. ಪ್ಲೇಸ್ಟೇಷನ್ ಡಿಸ್ಕಿನ ಎಕ್ಸ್‌ಎ ಧ್ವನಿಯ 37,800 ಹರ್ಟ್ಸ್ ಮಾತ್ರ ಎಂಪಿ3ಗೆ ಗೊತ್ತಿಲ್ಲದ ದರವಾದ್ದರಿಂದ ಅದನ್ನು 44,100ಕ್ಕೆ ತರಲೇಬೇಕಾಗುತ್ತದೆ.

ಮಿಡಿ ಫೈಲ್ ಒಂದೊಂದು ಕಂಪ್ಯೂಟರಿನಲ್ಲಿ ಒಂದೊಂದು ರೀತಿ ಕೇಳುತ್ತದೆ. ಯಾವುದು ನಿಜ?

ಮಿಡಿಯಲ್ಲಿ ವಾದ್ಯದ ಧ್ವನಿಯೇ ಇಲ್ಲ, ವಾದ್ಯದ ಸಂಖ್ಯೆ ಮಾತ್ರ ಇದೆ. ಯಾವ ಸಂಖ್ಯೆಗೆ ಯಾವ ವಾದ್ಯ ಎಂದು 1991ರ ಜನರಲ್ ಮಿಡಿ ನಿಗದಿ ಮಾಡಿತು. ಆದರೆ ಆ ಪಿಯಾನೊ ಎಂಥದ್ದು, ಆ ಪಿಟೀಲು ಯಾರ ಮನೆಯದ್ದು ಎಂಬುದು ಕಂಪ್ಯೂಟರಿನಲ್ಲಿರುವ ಸೌಂಡ್‌ಫಾಂಟ್‌ಗೆ, ಅಂದರೆ ವಾದ್ಯಗಳ ಧ್ವನಿಯನ್ನು ಕೂಡಿಟ್ಟ ಫೈಲಿಗೆ, ಬಿಟ್ಟದ್ದು. ಫ್ಲೂಯಿಡ್‌ಸಿಂಥ್ ಎಂಬ ತಂತ್ರಾಂಶ ಬಳಸಿ, ನಿಮಗೆ ಹಿಡಿಸಿದ ಸೌಂಡ್‌ಫಾಂಟ್ ಹಾಕಿ ವೇವ್ ತೆಗೆಯಿರಿ.

ಫೈಲ್ ಸರಿಯಾಗಿಯೇ ಇದೆ, ಆದರೂ ತೆರೆಯುವುದಿಲ್ಲ. ಏಕೆ?

ಆರ್‌ಎಸ್‌ಎನ್ ಎಂಬುದು ಎಸ್‌ಪಿಸಿ ಫೈಲ್‌ಗಳ ರಾರ್ ಗಂಟು, ಬಿಚ್ಚಿದರೆ ಹಾಡುಗಳು ಸಿಗುತ್ತವೆ. ವಿಜಿಝಡ್ ಎಂಬುದು ಜಿಝಿಪ್ ಮಾಡಿದ ವಿಜಿಎಂ. ಮಿನಿಪಿಎಸ್‌ಎಫ್ ನುಡಿಯದಿದ್ದರೆ ಅದರ ಜೊತೆಗಿರಬೇಕಾದ ಪಿಎಸ್‌ಎಫ್‌ಲಿಬ್ ಎಂಬ ದೊಡ್ಡ ಫೈಲನ್ನು ನೀವು ಬಿಟ್ಟು ಬಂದಿದ್ದೀರಿ. ಎರಡೂ ಒಂದೇ ಫೋಲ್ಡರಿನಲ್ಲಿರಬೇಕು, ಹೆಸರನ್ನು ಬದಲಾಯಿಸಬಾರದು.

ನಮ್ಮದೇ ಗೇಮಿಗೆ ಹಾಡು ಹಾಕಿದ್ದೇವೆ. ಪ್ರತಿ ಸುತ್ತಿನಲ್ಲಿಯೂ ನಡುವೆ ಚಿಕ್ಕ ಮೌನ ಬರುತ್ತದೆ. ಏನು ಮಾಡಬೇಕು?

ನೀವು ಎಂಪಿ3 ಹಾಕಿರಬೇಕು. ಎಂಪಿ3 ಧ್ವನಿಯನ್ನು 1,152 ಸ್ಯಾಂಪಲ್‌ಗಳ ಚೌಕಟ್ಟುಗಳಲ್ಲಿ ತುಂಬುತ್ತದೆ, 44,100ರ ದರದಲ್ಲಿ ಒಂದು ಚೌಕಟ್ಟು ಸುಮಾರು 26 ಮಿಲಿಸೆಕೆಂಡ್. ಹಾಡಿನ ಕೊನೆ ಚೌಕಟ್ಟಿನ ಅಂಚಿಗೆ ಸರಿಯಾಗಿ ಬರದಿದ್ದರೆ ಉಳಿದ ಜಾಗವನ್ನು ಮೌನದಿಂದ ತುಂಬುತ್ತದೆ, ಆರಂಭದಲ್ಲಿಯೂ ಎನ್‌ಕೋಡರ್ ಒಂದಿಷ್ಟು ಮೌನವನ್ನು ಸೇರಿಸುತ್ತದೆ. ಕುಳಿತು ಕೇಳುವ ಹಾಡಿಗೆ ಇದು ಲೆಕ್ಕಕ್ಕಿಲ್ಲ, ಸುತ್ತುವ ಹಾಡಿಗೆ ಪ್ರತಿ ಬಾರಿ ಎಡವಿದಂತಾಗುತ್ತದೆ. ಆಗ್ ವೋರ್ಬಿಸ್ ಅಥವಾ ವೇವ್ ಬಳಸಿ. ಆರ್‌ಪಿಜಿ ಮೇಕರ್‌ನಂಥ ಗೇಮ್ ಕಟ್ಟುವ ತಂತ್ರಾಂಶಗಳು ಆಗ್ ಫೈಲಿನ ಟ್ಯಾಗಿನಲ್ಲಿ (ಹಾಡಿನ ವಿವರ ಬರೆದಿಡುವ ಜಾಗದಲ್ಲಿ) ಲೂಪ್‌ಸ್ಟಾರ್ಟ್, ಲೂಪ್‌ಲೆಂತ್ ಎಂದು ಸ್ಯಾಂಪಲ್ ಸಂಖ್ಯೆ ಬರೆದರೆ ಅಲ್ಲಿಂದಲೇ ಸುತ್ತುತ್ತವೆ.

ಇದನ್ನೆಲ್ಲ ಮಾಡುವುದು ಕಾನೂನಿಗೆ ಸರಿಯೇ?

ನಾನು ವಕೀಲನಲ್ಲ, ಆದರೆ 1957ರ ಕೃತಿಸ್ವಾಮ್ಯ ಕಾಯಿದೆಯನ್ನು ಓದಿಕೊಂಡೇ ಕೆಲಸ ಒಪ್ಪಿಕೊಳ್ಳುತ್ತೇನೆ. ಅದರ 52ನೆಯ ಕಲಮು ಖಾಸಗಿ ಬಳಕೆಗೆ ನ್ಯಾಯಯುತವಾಗಿ ಬಳಸಿಕೊಳ್ಳುವುದನ್ನು ಉಲ್ಲಂಘನೆಯೆಂದು ಎಣಿಸುವುದಿಲ್ಲ, ಆದರೆ ಆ ರಿಯಾಯಿತಿಯಿಂದ ಕಂಪ್ಯೂಟರ್ ಪ್ರೋಗ್ರಾಂಗಳನ್ನು ಹೊರಗಿಟ್ಟಿದೆ. ಆದ್ದರಿಂದ ಇಡೀ ಗೇಮನ್ನು ನಕಲು ಮಾಡುವ ಕೆಲಸಕ್ಕೆ ನಾನು ಕೈಹಾಕುವುದಿಲ್ಲ. ಶಾಲೆಯ ಕಾರ್ಯಕ್ರಮದಲ್ಲಿ ಸಿಬ್ಬಂದಿ, ವಿದ್ಯಾರ್ಥಿಗಳು, ಪಾಲಕರು ಮತ್ತು ಸಂಸ್ಥೆಯ ಚಟುವಟಿಕೆಗಳಿಗೆ ಸಂಬಂಧಿಸಿದವರಷ್ಟೇ ಪ್ರೇಕ್ಷಕರಾಗಿದ್ದರೆ ಧ್ವನಿಮುದ್ರಣ ಹಾಕಲು ಅದೇ ಕಲಮಿನಲ್ಲಿ ಅವಕಾಶವಿದೆ. ಅದೇ ಕುಣಿತದ ವಿಡಿಯೊವನ್ನು ಯೂಟ್ಯೂಬಿಗೆ ಏರಿಸುವುದು ಬೇರೆ ಮಾತು, ಅಲ್ಲಿ ಈ ಅವಕಾಶ ಅನ್ವಯಿಸುವುದಿಲ್ಲ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುವುದರಿಂದ, ಹಳೆಯದು ಎಂಬ ಕಾರಣಕ್ಕೆ ಯಾವ ಗೇಮ್ ಸಂಗೀತವೂ ಇನ್ನೂ ಮುಕ್ತವಾಗಿಲ್ಲ.

ಪೆನ್‌ಡ್ರೈವಿನಲ್ಲಿ ಹಾಕಿದ ಹಾಡುಗಳು ಕಾರಿನಲ್ಲಿ ಹಿಂದುಮುಂದಾಗಿ ಬರುತ್ತವೆ, ಹೆಸರಿನ ಜಾಗದಲ್ಲಿ ಚೌಕಗಳು ಕಾಣುತ್ತವೆ. ಸರಿಪಡಿಸಬಹುದೇ?

ಚೌಕಗಳು ಕಾಣುವುದು ಸ್ಟೀರಿಯೊದಲ್ಲಿ ಕನ್ನಡ ಅಕ್ಷರಗಳ ಫಾಂಟ್ ಇಲ್ಲದಿರುವುದರಿಂದ. ಫೈಲಿನಲ್ಲಿ ದೋಷವಿಲ್ಲ, ಮೊಬೈಲಿನಲ್ಲಿ ಅದೇ ಹೆಸರು ಸರಿಯಾಗಿ ಕಾಣುತ್ತದೆ. ಕಾರಿಗೆಂದು ಮಾಡುವ ಪ್ರತಿಯಲ್ಲಿ ರೋಮನ್ ಅಕ್ಷರಗಳನ್ನು ಬಳಸುವುದೇ ಸದ್ಯಕ್ಕೆ ಉಪಾಯ. ಅನುಕ್ರಮದ ವಿಷಯಕ್ಕೆ ಬಂದರೆ, ಅನೇಕ ಅಗ್ಗದ ಸ್ಟೀರಿಯೊಗಳು ಹೆಸರಿನ ಕ್ರಮವನ್ನು ನೋಡದೆ ಪೆನ್‌ಡ್ರೈವಿಗೆ ಫೈಲ್‌ಗಳು ಬಂದು ಬಿದ್ದ ಕ್ರಮದಲ್ಲಿಯೇ ನುಡಿಸುತ್ತವೆ. ಪೆನ್‌ಡ್ರೈವನ್ನು ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಿ, ಹೆಸರಿನ ಮುಂದೆ 01, 02 ಎಂದು ಸಂಖ್ಯೆ ಹಾಕಿ, ಒಂದರ ನಂತರ ಒಂದನ್ನು ಆ ಕ್ರಮದಲ್ಲಿಯೇ ಕಾಪಿ ಮಾಡಿ. ಗದಗಿನಿಂದ ಬಂದಿದ್ದ ಒಬ್ಬರು 60 ಹಾಡುಗಳನ್ನು ಹೀಗೆ ಒಂದೊಂದಾಗಿ ಹಾಕಲು ಬೇಸರವೆಂದು ಎಲ್ಲವನ್ನೂ ಒಟ್ಟಿಗೆ ಎಳೆದು ಬಿಟ್ಟರು. ಗೇಮ್ ಮುಗಿಯುವಾಗಿನ ಹಾಡು ಈಗಲೂ ಅವರ ಕಾರಿನಲ್ಲಿ ಮೊದಲು ಬರುತ್ತದೆ.